ಅರ್ಜಿಯ ಫೀಲ್ಡ್‌ಗಳ ನಡುವೆ ವಿವರಣೆ ಸೇರಿಸಬೇಕಾಗಿದೆ: ಜ್ಯಾಂಗೋ ಟೆಂಪ್ಲೇಟಿನಲ್ಲಿ ಸರಿಯಾದ ಕ್ರಮ ಯಾವುದು?

ಮೋಟೆಬೆನ್ನೂರು ಹಾದಿ (ಹಾವೇರಿ ಜಿಲ್ಲೆ):

ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ತಾಲೂಕಿನ ಮೆಣಸಿನಕಾಯಿ ಬೆಳೆಗಾರರ ಸಂಘವೊಂದಕ್ಕೆ ಸದಸ್ಯತ್ವದ ಅರ್ಜಿಯನ್ನು ವೆಬ್‌ನಲ್ಲಿ ಸಿದ್ಧಪಡಿಸಿ ಕೊಟ್ಟಿದ್ದೇನೆ. ವೆಬ್ ಪುಟ ಕಟ್ಟಲು ಪೈಥಾನ್ ಭಾಷೆಯ ಜ್ಯಾಂಗೋ ಎಂಬ ಸಲಕರಣೆಯ 4.2 ಆವೃತ್ತಿಯನ್ನು ಬಳಸಿದ್ದೇನೆ; ಒಂದೇ ಫಾರ್ಮ್, ಅದರಲ್ಲಿ 23 ಫೀಲ್ಡ್‌ಗಳು, ಅಂದರೆ ಮಾಹಿತಿಯ ಕಾಲಂಗಳಿವೆ. ಪುಟದ ಅಚ್ಚಾದ ಟೆಂಪ್ಲೇಟಿನಲ್ಲಿ ‘ಫಾರ್ಮ್ ಡಾಟ್ ಆ್ಯಸ್ ಪಿ’ ಎಂಬ ಒಂದೇ ಸಾಲಿನಿಂದ ಇಡೀ ಅರ್ಜಿ ಮೂಡುತ್ತದೆ.

ರೈತರು ಇದನ್ನು ತಮ್ಮ ಮೊಬೈಲಿನಲ್ಲಿಯೇ ಭರ್ತಿ ಮಾಡಲಿ ಎಂಬುದು ಸಂಘದವರ ಆಸೆ. ಕಳೆದ ವಾರ ಅವರ ಕಚೇರಿಯಲ್ಲಿ ಅರ್ಧ ದಿನ ಕುಳಿತು ನೋಡಿದೆ. ಹಿರಿಯರೊಬ್ಬರು ನಾಲ್ಕು ಮಡಿಕೆಯ ಉತಾರವನ್ನು (ಹೊಲದ ದಾಖಲೆ, ಪಹಣಿ) ಅಂಗಿಯ ಜೇಬಿನಿಂದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟು, ವಿಸ್ತೀರ್ಣದ ಕಾಲಂ ಬಂದ ಕೂಡಲೇ ಕೈ ತಡೆದರು. ‘ತಮ್ಮಾ, ಎಕರೆ ಎಷ್ಟು ಅಂತ ಕೇಳೈತಿ, ಗುಂಟೆ ಎಲ್ಲಿ ಬರೀಬೇಕು?’ ಎಂದು ಕೇಳಿದರು. ಪಕ್ಕದಲ್ಲಿದ್ದವರು ‘ಚುಕ್ಕಿ ಇಟ್ಟು ಬರೀರಿ’ ಎಂದರು. ಅವರು 2.20 ಎಂದು ಬರೆದರು. ಅವರ ಹೊಲ 2 ಎಕರೆ 20 ಗುಂಟೆ. ಗುಂಟೆ 40 ಕೂಡಿದರೆ ಒಂದು ಎಕರೆ. ಆದ್ದರಿಂದ ದಶಾಂಶದಲ್ಲಿ ಅದು 2.5 ಆಗಬೇಕಿತ್ತು. ನಮ್ಮ ಡೇಟಾಬೇಸಿನ ಲೆಕ್ಕದಲ್ಲಿ 2.20 ಎಂದರೆ 2 ಎಕರೆ 8 ಗುಂಟೆ. ಹನ್ನೆರಡು ಗುಂಟೆ ನೆಲ ಅಲ್ಲಿಯೇ ಕಾಣೆಯಾಯಿತು. ಆ ಮನುಷ್ಯನ ತಪ್ಪು ಅದರಲ್ಲಿ ಏನೂ ಇಲ್ಲ. ಹೇಗೆ ಬರೆಯಬೇಕೆಂದು ನನ್ನ ಅರ್ಜಿ ಅವರಿಗೆ ಹೇಳಿಯೇ ಇರಲಿಲ್ಲ.

ಹಾಗಾಗಿ ಫೀಲ್ಡ್‌ಗಳ ನಡುವೆ ವಿವರಣೆ ಬರೆಯಬೇಕೆಂದಿದ್ದೇನೆ. ಸರ್ವೆ ನಂಬರಿನ ಮೊದಲು ಉತಾರದ ಚಿತ್ರದೊಂದಿಗೆ ಒಂದು ಟಿಪ್ಪಣಿ, ವಿಸ್ತೀರ್ಣದ ಮೊದಲು ಒಂದು, ಬ್ಯಾಂಕಿನ ವಿವರಗಳ ಮೊದಲು ಒಂದು ಬೇಕು. ಫೀಲ್ಡಿಗೆ ಜೋಡಿಸಬಹುದಾದ ಸಹಾಯದ ಮಾತನ್ನು, ಅಂದರೆ ಹೆಲ್ಪ್ ಟೆಕ್ಸ್ಟ್ ಬಳಸಿ ನೋಡಿದೆ. ಅದು ಫೀಲ್ಡಿನ ಕೆಳಗೆ ಬರುತ್ತದೆ; ಓದುವ ಹೊತ್ತಿಗೆ ಬರೆದು ಮುಗಿದಿರುತ್ತದೆ. ಅದರೊಳಗೆ ಪಟ್ಟಿ ಮತ್ತು ಚಿತ್ರ ಸೇರಿಸಿದಾಗ ಪುಟದ ವಿನ್ಯಾಸವೇ ಕೆಟ್ಟಿತು. ಟೆಂಪ್ಲೇಟಿನಲ್ಲಿ ಇದನ್ನು ಮಾಡುವ ಸರಿಯಾದ ಕ್ರಮವನ್ನು ದಯವಿಟ್ಟು ತಿಳಿಸಬೇಕು.

ಉಣಕಲ್ ದಂಡೆ (ಹುಬ್ಬಳ್ಳಿ):

ಸರ್, ಮೊದಲು ವಿನ್ಯಾಸ ಏಕೆ ಕೆಟ್ಟಿತು ಎಂಬುದನ್ನು ಹೇಳುತ್ತೇನೆ, ಏಕೆಂದರೆ ಮುಂದಿನ ದಾರಿ ಅದರಿಂದಲೇ ತಿಳಿಯುತ್ತದೆ. ಆ್ಯಸ್ ಪಿ ಎಂಬ ವಿಧಾನವು ಪ್ರತಿಯೊಂದು ಫೀಲ್ಡನ್ನೂ ಒಂದು ಪಿ ಟ್ಯಾಗಿನೊಳಗೆ, ಅಂದರೆ ಪ್ಯಾರಾದ ಗುರುತಿನೊಳಗೆ ಇಡುತ್ತದೆ. ಹೆಲ್ಪ್ ಟೆಕ್ಸ್ಟ್ ಕೂಡ ಅದೇ ಪಿ ಒಳಗೆ ಬರುತ್ತದೆ. ಎಚ್‌ಟಿಎಂಎಲ್ ನಿಯಮದ ಪ್ರಕಾರ ಪಿ ಒಳಗೆ ಪಟ್ಟಿಯಾಗಲಿ, ಪುಟದ ಒಂದು ಭಾಗವನ್ನು ಸುತ್ತುವ ಡಿವ್ ಟ್ಯಾಗು ಆಗಲಿ, ಇನ್ನೊಂದು ಪಿ ಆಗಲಿ ಇರುವಂತಿಲ್ಲ. ಅಂಥದ್ದು ಕಂಡ ಕೂಡಲೇ ಬ್ರೌಸರ್ ಹೊರಗಿನ ಪಿ ಟ್ಯಾಗನ್ನು ತಾನಾಗಿಯೇ ಮುಚ್ಚಿಬಿಡುತ್ತದೆ, ಉಳಿದದ್ದು ಹೊರಗೆ ಚೆಲ್ಲುತ್ತದೆ. ಜ್ಯಾಂಗೋ 4.1ರಲ್ಲಿಯೇ ಆ್ಯಸ್ ಡಿವ್ ಎಂಬ ಬೇರೊಂದು ವಿಧಾನ ಬಂದಿದೆ, 5.0ರಿಂದ ಅದೇ ಮಾದರಿ ಸಹಜ ಮಾದರಿಯಾಗಿದೆ. ನಿಮ್ಮ 4.2ರಲ್ಲಿಯೂ ಅದನ್ನು ಬಳಸಬಹುದು. ಆದರೆ ಅದು ಕೂಡ ಫೀಲ್ಡ್‌ಗಳನ್ನು ಒಂದೇ ಗುಕ್ಕಿನಲ್ಲಿ ಮುದ್ರಿಸುವುದರಿಂದ ನಡುವೆ ನೀವು ಬಯಸಿದ ಮಾತನ್ನು ತೂರಿಸಲು ಜಾಗ ಸಿಗುವುದಿಲ್ಲ.

ಜಾಗ ಬೇಕಾದರೆ ಫೀಲ್ಡ್‌ಗಳನ್ನು ಟೆಂಪ್ಲೇಟಿನಲ್ಲಿ ನೀವೇ ಒಂದೊಂದಾಗಿ ಇಡಬೇಕು. ಅಂದರೆ ಪ್ರತಿ ಫೀಲ್ಡಿಗೂ ಲೇಬಲ್, ತಪ್ಪುಗಳ ಪಟ್ಟಿ, ಇನ್‌ಪುಟ್ ಮತ್ತು ಹೆಲ್ಪ್ ಟೆಕ್ಸ್ಟ್ ಎಂಬ ನಾಲ್ಕು ಅಂಶಗಳು. 23 ಫೀಲ್ಡ್‌ಗಳಿಗೆ ಇದನ್ನು ಬಿಡಿಸಿ ಬರೆದರೆ ಟೆಂಪ್ಲೇಟು ನೂರು ಸಾಲು ದಾಟುತ್ತದೆ. ಹಾಗಾಗಿ ಒಂದು ಫೀಲ್ಡಿನ ಈ ನಾಲ್ಕು ಅಂಶಗಳನ್ನು ಬೇರೆ ಕಡತದಲ್ಲಿ ಬರೆದು, ಬೇಕಾದಲ್ಲೆಲ್ಲ ‘ಇನ್‌ಕ್ಲೂಡ್’ ಟ್ಯಾಗಿನ ಮೂಲಕ ‘ವಿತ್ ಫೀಲ್ಡ್’ ಎಂದು ಆಯಾ ಫೀಲ್ಡನ್ನು ಕೊಟ್ಟು ಕರೆಯಿರಿ. ಆಗ ಮುಖ್ಯ ಟೆಂಪ್ಲೇಟಿನಲ್ಲಿ ಒಂದು ಫೀಲ್ಡಿಗೆ ಒಂದೇ ಸಾಲು. ಎರಡು ಸಾಲುಗಳ ನಡುವೆ ನಿಮ್ಮ ವಿವರಣೆಯನ್ನು ನೇರವಾಗಿ ಬರೆಯಬಹುದು. 5.0 ಅಥವಾ ಅದರ ಮುಂದಿನ ಆವೃತ್ತಿಗೆ ಹೋದರೆ ‘ಆ್ಯಸ್ ಫೀಲ್ಡ್ ಗ್ರೂಪ್’ ಎಂಬ ಸೌಲಭ್ಯ ಇದೇ ಕೆಲಸವನ್ನು ಮಾಡುತ್ತದೆ. 4.2ರಲ್ಲಿ ಅದು ಇಲ್ಲ.

ಒಂದು ಸೂಕ್ಷ್ಮವಿದೆ. ಟೆಂಪ್ಲೇಟಿನಲ್ಲಿ ಹೆಲ್ಪ್ ಟೆಕ್ಸ್ಟನ್ನು ನೀವೇ ಮುದ್ರಿಸುವಾಗ ಅದರೊಳಗಿನ ಟ್ಯಾಗುಗಳು ಅಕ್ಷರಗಳಾಗಿಯೇ ಕಾಣುತ್ತವೆ, ಏಕೆಂದರೆ ಟೆಂಪ್ಲೇಟು ಎಲ್ಲವನ್ನೂ ಎಸ್ಕೇಪ್ ಮಾಡುತ್ತದೆ. ‘ಸೇಫ್’ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ. ಆದರೆ ಕೋಡಿನಲ್ಲಿ ನೀವೇ ಬರೆದ ಮಾತಿಗೆ ಮಾತ್ರ ಅದನ್ನು ಹಾಕಿ. ಬಳಕೆದಾರರು ಬರೆದು ಕಳಿಸಿದ ಯಾವುದಕ್ಕೂ ಎಂದಿಗೂ ಹಾಕಬೇಡಿ.

ಬೆಟಗೇರಿ ಮಗ್ಗ (ಗದಗ):

ನೇಕಾರರ ಸೊಸೈಟಿಯೊಂದಕ್ಕೆ ಇಂಥದೇ ಅರ್ಜಿಯನ್ನು ನಾನು ಮಾಡಿದ್ದೇನೆ. ಉಣಕಲ್ ದಂಡೆಯವರು ಹೇಳಿದ ಕ್ರಮ ಸರಿಯಾದದ್ದು, ಆದರೆ ನನ್ನ ಅನುಭವದಲ್ಲಿ ಅದಕ್ಕಿಂತ ಅಚ್ಚುಕಟ್ಟಾದ ಒಂದು ದಾರಿ ಇದೆ. ಸೊಸೈಟಿಯವರು ತಿಂಗಳಿಗೊಮ್ಮೆ ಹೊಸ ಕಾಲಂ ಸೇರಿಸಿ ಎನ್ನುತ್ತಿದ್ದರು. ಪ್ರತಿ ಸಲವೂ ಫಾರ್ಮಿನಲ್ಲಿ ಸೇರಿಸಿ, ಟೆಂಪ್ಲೇಟಿನಲ್ಲಿ ಸೇರಿಸಲು ಮರೆತು ಪೇಚಿಗೆ ಸಿಲುಕುತ್ತಿದ್ದೆ.

ಈಗ ನಾನು ಟೆಂಪ್ಲೇಟಿನಲ್ಲಿ ಎಲ್ಲ ಫೀಲ್ಡ್‌ಗಳನ್ನು ಒಂದೊಂದಾಗಿ ಸುತ್ತಿಬರುವ ಲೂಪನ್ನೇ ಉಳಿಸಿಕೊಂಡಿದ್ದೇನೆ. ಫಾರ್ಮ್ ಸಿದ್ಧವಾಗುವಾಗ ನಡೆಯುವ ಇನಿಟ್ ವಿಧಾನದೊಳಗೆ, ವಿವರಣೆ ಬೇಕಾದ ಫೀಲ್ಡಿಗೆ ಮಾತ್ರ ‘ವಿವರಣೆ’ ಎಂಬ ಹೆಚ್ಚುವರಿ ಗುಣವನ್ನು ಅಂಟಿಸುತ್ತೇನೆ. ಅದರ ಬೆಲೆ ಒಂದು ಟೆಂಪ್ಲೇಟ್ ಕಡತದ ಹೆಸರು. ಲೂಪಿನೊಳಗೆ ಆ ಗುಣ ಇದೆಯೇ ಎಂದು ಕೇಳಿ, ಇದ್ದರೆ ಫೀಲ್ಡಿನ ಮೊದಲು ಆ ಕಡತವನ್ನು ಇನ್‌ಕ್ಲೂಡ್ ಮಾಡುತ್ತೇನೆ. ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ: ಲೂಪಿನಲ್ಲಿ ಕೈಗೆ ಸಿಗುವುದು ಮೂಲ ಫೀಲ್ಡ್ ಅಲ್ಲ, ಫಾರ್ಮಿಗೆ ಕಟ್ಟಿದ ಬೌಂಡ್ ಫೀಲ್ಡ್. ಆದ್ದರಿಂದ ‘ಫೀಲ್ಡ್ ಡಾಟ್ ವಿವರಣೆ’ ಎಂದರೆ ಖಾಲಿ ಬರುತ್ತದೆ, ತಪ್ಪಿನ ಸೂಚನೆಯೂ ಬರುವುದಿಲ್ಲ. ‘ಫೀಲ್ಡ್ ಡಾಟ್ ಫೀಲ್ಡ್ ಡಾಟ್ ವಿವರಣೆ’ ಎಂದು ಎರಡು ಹೆಜ್ಜೆ ಒಳಗೆ ಹೋಗಬೇಕು.

ಲೂಪಿನೊಳಗೆ ‘ಫೀಲ್ಡಿನ ಹೆಸರು ಇದಾದರೆ ಇದನ್ನು ಬರೆ’ ಎಂದು ಇಫ್ ಮೇಲೆ ಇಫ್ ಪೇರಿಸುವುದನ್ನೂ ನೋಡಿದ್ದೇನೆ. ಎರಡು ವಿವರಣೆಗಳಿಗೆ ಅದು ನಡೆಯುತ್ತದೆ. ಆರಾದಾಗ ಓದಲು ಬರುವುದಿಲ್ಲ. ಕ್ರಿಸ್ಪಿ ಫಾರ್ಮ್ಸ್ ಎಂಬ ಜ್ಯಾಂಗೋ ಸೇರ್ಪಡೆಯನ್ನು ಬಳಸುವವರು ಲೇಔಟಿನಲ್ಲಿ ಫೀಲ್ಡ್‌ಗಳ ಹೆಸರುಗಳ ನಡುವೆ ‘ಎಚ್‌ಟಿಎಂಎಲ್’ ಎಂಬ ವಸ್ತುವನ್ನಿಟ್ಟು ಇದೇ ಫಲ ಪಡೆಯಬಹುದು, ಆದರೆ ಕನ್ನಡದ ಉದ್ದ ವಾಕ್ಯಗಳನ್ನು ಪೈಥಾನ್ ಕಡತದೊಳಗೆ ಉದ್ಧರಣ ಚಿಹ್ನೆಗಳ ನಡುವೆ ತುಂಬುವುದು ನನಗೆ ಒಗ್ಗಲಿಲ್ಲ. ಮಾತು ಟೆಂಪ್ಲೇಟಿನಲ್ಲಿದ್ದರೆ ಪ್ರೋಗ್ರಾಮಿಂಗ್ ಬಾರದವರೂ ತೆರೆದು ತಿದ್ದಬಹುದು.

ಸಾಧನಕೇರಿ (ಧಾರವಾಡ):

ನಾನು ದೃಷ್ಟಿ ಇಲ್ಲದವಳು. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸಿ ಕೆಲಸ ಮಾಡುತ್ತೇನೆ. ಮೇಲಿನ ಎರಡೂ ಉತ್ತರಗಳನ್ನು ಗೌರವದಿಂದ ಕೇಳಿದೆ. ಎರಡರಲ್ಲಿಯೂ ನನ್ನಂಥವರಿಗೆ ವಿವರಣೆ ತಲುಪುವುದಿಲ್ಲ ಎಂಬುದನ್ನು ಹೇಳಲೇಬೇಕಾಗಿದೆ.

ಅರ್ಜಿ ತುಂಬುವಾಗ ನಾವು ಟ್ಯಾಬ್ ಒತ್ತಿ ಒಂದು ಇನ್‌ಪುಟ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತೇವೆ. ಹಾಗೆ ಜಿಗಿದಾಗ ರೀಡರ್ ಓದುವುದು ಆ ಇನ್‌ಪುಟ್‌ಗೆ ಕಟ್ಟಿದ ಮಾತನ್ನು ಮಾತ್ರ: ಲೇಬಲ್, ಅದು ಕಡ್ಡಾಯವೇ ಎಂಬುದು, ಮತ್ತು ಅದಕ್ಕೆ ಜೋಡಿಸಿದ ವಿವರಣೆ. ಎರಡು ಇನ್‌ಪುಟ್‌ಗಳ ನಡುವೆ ಸುಮ್ಮನೆ ಬಿದ್ದಿರುವ ಪ್ಯಾರಾವನ್ನು ಅದು ಹಾದುಹೋಗುತ್ತದೆ. ‘ಸರ್ವೆ ನಂಬರ್, ಎಡಿಟ್, ಕಡ್ಡಾಯ’ ಎಂದು ಕೇಳುತ್ತದೆ. ನಂತರ ‘ಹಿಸ್ಸಾ ನಂಬರ್, ಎಡಿಟ್’ (ಹಿಸ್ಸಾ ಎಂದರೆ ಸರ್ವೆ ನಂಬರಿನ ಒಳಭಾಗ) ಎಂದು ಕೇಳುತ್ತದೆ. ನಡುವೆ ನೀವು ಮನಸ್ಸಿಟ್ಟು ಬರೆದ ಮೂರು ಸಾಲುಗಳು ಇವೆ ಎಂಬುದೇ ನನಗೆ ಗೊತ್ತಾಗುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟವಲ್ಲ. ವಿವರಣೆಯ ಡಿವ್‌ಗೆ ಒಂದು ಐಡಿ ಕೊಡಿ. ಇನ್‌ಪುಟ್‌ನ ‘ಏರಿಯಾ ಡಿಸ್ಕ್ರೈಬ್ಡ್ ಬೈ’ ಎಂಬ ಗುಣಕ್ಕೆ ಅದೇ ಐಡಿಯನ್ನು ಬರೆಯಿರಿ. ಜ್ಯಾಂಗೋದಲ್ಲಿ ಇನ್‌ಪುಟ್ ಮೂಡಿಸುವ ವಿಜೆಟ್‌ನ ಆ್ಯಟ್ರ್ಸ್ (ಗುಣಗಳ ಪಟ್ಟಿ) ಮೂಲಕ ಇದನ್ನು ಮಾಡಬಹುದು. ಆಗ ಆ ಕಾಲಂಗೆ ಬಂದ ಕೂಡಲೇ ಲೇಬಲಿನ ಹಿಂದೆಯೇ ವಿವರಣೆಯೂ ಕೇಳಿಸುತ್ತದೆ. ಹೀಗೆ ಜೋಡಿಸಿದ ಮಾತನ್ನು ರೀಡರ್ ಒಂದೇ ಉಸಿರಿನಲ್ಲಿ, ಪಟ್ಟಿ-ಕೊಂಡಿಗಳ ಭೇದವಿಲ್ಲದೆ ಓದಿಬಿಡುತ್ತದೆ. ಆದ್ದರಿಂದ ಒಂದೆರಡು ವಾಕ್ಯ ಸಾಕು. ಉದ್ದದ್ದನ್ನು ಬೇರೆ ಇಡಿ. ಹಾಗೆಯೇ ಒಂದು ಗುಂಪಿನ ಹಲವು ಕಾಲಂಗಳಿಗೆ ಸೇರಿದ ಮಾತಾದರೆ, ಆ ಗುಂಪನ್ನು ಫೀಲ್ಡ್‌ಸೆಟ್ ಟ್ಯಾಗಿನಲ್ಲಿಟ್ಟು ಲೆಜೆಂಡ್ ಟ್ಯಾಗಿನಲ್ಲಿ ಶೀರ್ಷಿಕೆ ಕೊಡಿ. ಗುಂಪಿನೊಳಗೆ ಕಾಲಿಟ್ಟಾಗ ಅದನ್ನು ಓದಲಾಗುತ್ತದೆ.

ಇನ್ನೊಂದು ಕೋರಿಕೆ. ಪುಟದ ಭಾಷೆಯನ್ನು ಸೂಚಿಸುವ ಲ್ಯಾಂಗ್ ಗುಣ ಇಂಗ್ಲಿಷ್ ಎಂದೇ ಉಳಿದಿರುತ್ತದೆ. ಬಹುಪಾಲು ಜನ ಅದನ್ನು ಗಮನಿಸುವುದಿಲ್ಲ. ಅದನ್ನು ಕನ್ನಡ ಎಂದು ಗುರುತಿಸಿ. ಹಾಗೆ ಗುರುತಿಸಿದರೆ ರೀಡರ್ ಕನ್ನಡದ ಧ್ವನಿಗೆ ಬದಲಾಗಲು ಸಾಧ್ಯ. ಇಂಗ್ಲಿಷ್ ಧ್ವನಿಗೆ ಕನ್ನಡದ ಸಾಲು ಸಿಕ್ಕರೆ ಕೇಳುವವರಿಗೆ ಏನೂ ದಕ್ಕುವುದಿಲ್ಲ.

ವಿವರಣೆಯನ್ನು ಇನ್‌ಪುಟ್‌ನ ಒಳಗೆ ಮಸುಕು ಅಕ್ಷರಗಳಲ್ಲಿ, ಅಂದರೆ ಪ್ಲೇಸ್‌ಹೋಲ್ಡರ್ ಆಗಿ ಬರೆಯುವ ರೂಢಿಯೂ ಇದೆ. ಬರೆಯಲು ಶುರು ಮಾಡಿದ ಕೂಡಲೇ ಅದು ಮಾಯವಾಗುತ್ತದೆ. ಕಣ್ಣಿದ್ದವರಿಗೂ ಅದರಿಂದ ಉಪಯೋಗವಾಗದು.

ಮೋಟೆಬೆನ್ನೂರು ಹಾದಿ:

ಮೇಡಂ, ನಿಮ್ಮ ಮಾತು ನನ್ನ ಕಣ್ಣು ತೆರೆಸಿತು. ಈ ಅಂಶ ನನ್ನ ಮನಸ್ಸಿಗೆ ಬಂದೇ ಇರಲಿಲ್ಲ. ಬೆಟಗೇರಿ ಮಗ್ಗದವರ ಕ್ರಮದಲ್ಲಿ ಲೂಪ್ ಬರೆದು, ನಿಮ್ಮ ಸಲಹೆಯಂತೆ ಐಡಿ ಜೋಡಿಸಿದೆ. ಪುಟ ಚೆನ್ನಾಗಿ ಕಾಣುತ್ತಿದೆ.

ಆದರೆ ಈಗ ಹೊಸ ತೊಂದರೆ ಎದುರಾಗಿದೆ. ಎಲ್ಲವನ್ನೂ ಸರಿಯಾಗಿ ತುಂಬಿ ಸಲ್ಲಿಸಿದರೂ ಅದೇ ಪುಟ ಮತ್ತೆ ಬರುತ್ತದೆ. ಕೆಂಪು ಅಕ್ಷರದ ಒಂದು ಸೂಚನೆಯೂ ಇಲ್ಲ. ಆ್ಯಸ್ ಪಿ ಇದ್ದಾಗ ಹೀಗಾಗುತ್ತಿರಲಿಲ್ಲ. ಸಲ್ಲಿಕೆ ನಮ್ಮದೇ ಪುಟದಿಂದ ಬಂದದ್ದೆಂದು ಖಾತ್ರಿಪಡಿಸುವ ಸಿಎಸ್‌ಆರ್‌ಎಫ್ ಟೋಕನ್ ಇದೆ, ನೋಡಿಕೊಂಡಿದ್ದೇನೆ. ನಿನ್ನೆ ರಾತ್ರಿ ಹನ್ನೊಂದರವರೆಗೆ ಹುಡುಕಿದರೂ ಕಾರಣ ಸಿಗಲಿಲ್ಲ.

ಬೆಟಗೇರಿ ಮಗ್ಗ:

ನಿಮ್ಮ ಫಾರ್ಮಿನಲ್ಲಿ ಕಾಣದ ಫೀಲ್ಡ್, ಅಂದರೆ ಹಿಡನ್ ಫೀಲ್ಡ್ ಯಾವುದಾದರೂ ಇದೆಯೇ? ಲೂಪಿನಲ್ಲಿ ‘ವಿಸಿಬಲ್ ಫೀಲ್ಡ್ಸ್’ ಎಂದು ಬರೆದಿದ್ದೀರಾ?

ಮೋಟೆಬೆನ್ನೂರು ಹಾದಿ:

ಹೌದು ಸರ್, ಎರಡೂ ಸರಿ. ಹಂಗಾಮಿನ ಗುರುತಿನ ಸಂಖ್ಯೆಯನ್ನು ಹಿಡನ್ ಫೀಲ್ಡಿನಲ್ಲಿ ಇಟ್ಟಿದ್ದೇನೆ. ಕಾಣುವ ಫೀಲ್ಡ್‌ಗಳಷ್ಟೇ ಸಾಕೆಂದು ವಿಸಿಬಲ್ ಫೀಲ್ಡ್ಸ್ ಮೇಲೆ ಲೂಪ್ ಬರೆದೆ.

ಬೆಟಗೇರಿ ಮಗ್ಗ:

ಹಾಗಾದರೆ ಕಾರಣ ಅದೇ. ಇದೇ ತಪ್ಪಿನಿಂದ ನಮ್ಮ ಸೊಸೈಟಿಯ ಅರ್ಜಿ ಎರಡು ದಿನ ನಿಂತುಹೋಗಿತ್ತು. ಹಳ್ಳಿಗಳಿಂದ ಬಂದ ನೇಕಾರರು ಮೂರು ಮೂರು ಸಲ ತುಂಬಿ, ಆಗಲಿಲ್ಲವೆಂದು ಹಿಂದಿರುಗಿ ಹೋದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಆ್ಯಸ್ ಪಿ, ಆ್ಯಸ್ ಡಿವ್ ಮುಂತಾದವು ನಮಗೆ ಕಾಣದ ಮೂರು ಕೆಲಸಗಳನ್ನು ಸದ್ದಿಲ್ಲದೆ ಮಾಡಿಕೊಡುತ್ತಿರುತ್ತವೆ. ಹಿಡನ್ ಫೀಲ್ಡ್‌ಗಳನ್ನು ಮುದ್ರಿಸುತ್ತವೆ. ಯಾವ ಒಂದು ಫೀಲ್ಡಿಗೂ ಸೇರದ, ಇಡೀ ಅರ್ಜಿಗೆ ಸಂಬಂಧಿಸಿದ ತಪ್ಪುಗಳನ್ನು ಮೇಲ್ತುದಿಯಲ್ಲಿ ತೋರಿಸುತ್ತವೆ. ಹಿಡನ್ ಫೀಲ್ಡಿನಲ್ಲಿಯೇ ತಪ್ಪಿದ್ದರೆ ಅದನ್ನೂ ಆ ಮೇಲ್ತುದಿಯ ಪಟ್ಟಿಗೆ ಸೇರಿಸುತ್ತವೆ. ಟೆಂಪ್ಲೇಟನ್ನು ನಾವೇ ಕೈಯಿಂದ ಬರೆದ ಕ್ಷಣದಿಂದ ಈ ಮೂರೂ ನಮ್ಮ ಹೊಣೆ. ನಿಮ್ಮ ಹಂಗಾಮಿನ ಸಂಖ್ಯೆ ಪುಟದಲ್ಲಿ ಇಲ್ಲ, ಹಾಗಾಗಿ ಸರ್ವರಿಗೆ ಹೋಗುವುದಿಲ್ಲ. ಅದು ಕಡ್ಡಾಯವಾದ್ದರಿಂದ ಫಾರ್ಮ್ ತಿರಸ್ಕೃತವಾಗುತ್ತದೆ. ತಿರಸ್ಕಾರದ ಕಾರಣ ಆ ಫೀಲ್ಡಿಗೇ ಅಂಟಿಕೊಂಡಿರುತ್ತದೆ, ಆ ಫೀಲ್ಡನ್ನು ನೀವು ಮುದ್ರಿಸುವುದೇ ಇಲ್ಲ. ಅದಕ್ಕೇ ಪುಟ ಏನೂ ಹೇಳದೆ ಮರಳಿ ಬರುತ್ತದೆ.

ಫಾರ್ಮ್ ಟ್ಯಾಗು ತೆರೆದ ಕೂಡಲೇ ‘ನಾನ್ ಫೀಲ್ಡ್ ಎರರ್ಸ್’ ಮುದ್ರಿಸಿ. ನಂತರ ‘ಹಿಡನ್ ಫೀಲ್ಡ್ಸ್’ ಮೇಲೆ ಒಂದು ಲೂಪ್ ಬರೆದು ಪ್ರತಿಯೊಂದನ್ನೂ ಅದರ ತಪ್ಪುಗಳ ಸಮೇತ ಮುದ್ರಿಸಿ. ಆಮೇಲೆ ನಿಮ್ಮ ಕಾಣುವ ಫೀಲ್ಡ್‌ಗಳು, ವಿವರಣೆಗಳು. ಉತಾರದ ಫೋಟೊ ಏರಿಸುವ ಕಾಲಂ ಇದ್ದರೆ ಫಾರ್ಮ್ ಟ್ಯಾಗಿನಲ್ಲಿ ಎನ್‌ಕ್ಟೈಪ್ ಅನ್ನು ಮಲ್ಟಿಪಾರ್ಟ್ ಎಂದು ಬರೆಯಲು ಮರೆಯಬೇಡಿ. ಇಲ್ಲದಿದ್ದರೆ ಫೋಟೊ ಆರಿಸಿದ್ದರೂ ‘ಈ ಕಾಲಂ ಕಡ್ಡಾಯ’ ಎಂದೇ ಬರುತ್ತಿರುತ್ತದೆ.

ಉಣಕಲ್ ದಂಡೆ:

ಇದಕ್ಕೆ ಸೇರಿಸಬೇಕಾದದ್ದು: ಒಬ್ಬ ರೈತರಿಗೆ ಮೂರು ನಾಲ್ಕು ಸರ್ವೆ ನಂಬರುಗಳಿರುವುದು ಸಾಮಾನ್ಯ. ಅದಕ್ಕಾಗಿ ಮುಂದೆ ಒಂದೇ ಫಾರ್ಮನ್ನು ಹಲವು ಸಲ ಇಡುವ ಫಾರ್ಮ್‌ಸೆಟ್ ಬಳಸುವಿರಾದರೆ, ಎಷ್ಟು ಫಾರ್ಮ್‌ಗಳಿವೆ ಎಂಬ ಲೆಕ್ಕ ಇಡುವ ‘ಮ್ಯಾನೇಜ್‌ಮೆಂಟ್ ಫಾರ್ಮ್’ ಅನ್ನೂ ಟೆಂಪ್ಲೇಟಿನಲ್ಲಿ ಮುದ್ರಿಸಬೇಕು, ಇಲ್ಲದಿದ್ದರೆ ಫಾರ್ಮ್‌ಸೆಟ್ ಕೆಲಸ ಮಾಡುವುದಿಲ್ಲ. ಉತಾರದ ಚಿತ್ರವಿರುವ ಉದ್ದ ವಿವರಣೆಯನ್ನು ಪ್ರತಿ ಸಾಲಿನಲ್ಲಿಯೂ ತೋರಿಸದೆ, ‘ಫಾರ್‌ಲೂಪ್ ಡಾಟ್ ಫಸ್ಟ್’ ಎಂಬ ಷರತ್ತಿನಿಂದ ಮೊದಲ ಸಾಲಿಗೆ ಮಾತ್ರ ಸೀಮಿತಗೊಳಿಸಿ.

ಈಗ ವಿಸ್ತೀರ್ಣದ ವಿಷಯ. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಆ ಕಾಲಂಗೆ ವಿವರಣೆ ಬರೆಯುವ ಮೊದಲು ಕಾಲಮನ್ನೇ ಸರಿಪಡಿಸಬೇಕು. ಎಕರೆ-ಗುಂಟೆಯಲ್ಲಿ ಯೋಚಿಸುವ ಮನುಷ್ಯನಿಗೆ ‘ದಶಾಂಶದಲ್ಲಿ ಬರೆಯಿರಿ, 20 ಗುಂಟೆ ಎಂದರೆ 0.5’ ಎಂದು ಪಾಠ ಹೇಳುವುದು ವಿವರಣೆಯ ಕೆಲಸವಲ್ಲ. ಎಕರೆಗೆ ಒಂದು, ಗುಂಟೆಗೆ ಒಂದು ಎಂದು ಎರಡು ಕಾಲಂ ಮಾಡಿ. ಗುಂಟೆಯ ಕಾಲಂ 0ಯಿಂದ 39ರವರೆಗೆ ಮಾತ್ರ ಒಪ್ಪಲಿ. ದಶಾಂಶಕ್ಕೆ ತಿರುಗಿಸುವುದನ್ನು, ತುಂಬಿದ್ದನ್ನು ಪರೀಕ್ಷಿಸುವ ಫಾರ್ಮಿನ ಕ್ಲೀನ್ ವಿಧಾನದಲ್ಲಿ ನೀವು ಮಾಡಿ. ಎಡವಟ್ಟು ಒಂದೇ ದಿಕ್ಕಿನಲ್ಲಿ ಆಗುವುದಿಲ್ಲ ಎಂಬುದನ್ನೂ ಗಮನಿಸಿ: 2 ಎಕರೆ 5 ಗುಂಟೆ ಇರುವವರು 2.5 ಎಂದು ಬರೆದರೆ ನಿಮ್ಮ ಲೆಕ್ಕದಲ್ಲಿ ಅದು 2 ಎಕರೆ 20 ಗುಂಟೆಯಾಗಿ, 15 ಗುಂಟೆ ಹೆಚ್ಚುತ್ತದೆ.

ಈಗಾಗಲೇ ಬಂದಿರುವ ಅರ್ಜಿಗಳಲ್ಲಿ ಚುಕ್ಕಿಯ ನಂತರ 40 ಅಥವಾ ಅದಕ್ಕಿಂತ ಹೆಚ್ಚಿನ ಎರಡಂಕಿ ಇದ್ದರೆ ಅವರು ದಶಾಂಶದಲ್ಲಿಯೇ ಬರೆದಿದ್ದಾರೆ ಎನ್ನಬಹುದು. ಉಳಿದ ಎಲ್ಲವನ್ನೂ ಉತಾರದೊಂದಿಗೆ ತಾಳೆ ನೋಡದೆ ಬೇರೆ ದಾರಿಯಿಲ್ಲ.

ಸಂಖ್ಯೆಗಳ ಬಗ್ಗೆ ಇನ್ನೊಂದು ಮಾತು. ಕನ್ನಡ ಕೀಲಿಮಣೆಯಲ್ಲಿ ಬರೆಯುವವರು ೨೫ ಎಂದು ಕನ್ನಡದ ಅಂಕಿಗಳನ್ನು ಬರೆಯುವುದುಂಟು. ಪೈಥಾನ್ ಅದನ್ನು 25 ಎಂದೇ ಅರ್ಥಮಾಡಿಕೊಳ್ಳುತ್ತದೆ. ಇಂಟಿಜರ್ ಫೀಲ್ಡಿಗೆ ಪಠ್ಯದ ಇನ್‌ಪುಟ್ ಕೊಟ್ಟಿದ್ದರೆ ತೊಂದರೆಯಾಗುವುದಿಲ್ಲ. ತೊಂದರೆ ಮೊಬೈಲ್ ನಂಬರಿನಲ್ಲಿ. ಅದನ್ನು ನಾವು ಅಕ್ಷರಗಳ ಸಾಲಾಗಿ ಉಳಿಸುತ್ತೇವೆ. ‘ಯಾವುದೇ ಹತ್ತು ಅಂಕಿ’ ಎಂದು ಪರೀಕ್ಷಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಪೈಥಾನಿನಲ್ಲಿ ಕನ್ನಡದ ಅಂಕಿಗಳನ್ನೂ ಒಪ್ಪಿಬಿಡುತ್ತದೆ. ಆಮೇಲೆ ಆ ನಂಬರಿಗೆ ಸಂದೇಶ ಕಳಿಸಲು ಹೋದಾಗ ಎಡವಟ್ಟಾಗುತ್ತದೆ. ಇದಕ್ಕೂ ‘ಇಂಗ್ಲಿಷ್ ಅಂಕಿಗಳಲ್ಲಿಯೇ ಬರೆಯಿರಿ’ ಎಂಬ ವಿವರಣೆ ಬೇಡ. ಕ್ಲೀನ್ ವಿಧಾನದಲ್ಲಿ ಕನ್ನಡದ ಅಂಕಿಯನ್ನು ನೀವೇ ಬದಲಿಸಿ ಉಳಿಸಿ. ಯಂತ್ರ ಮಾಡಬಹುದಾದ ಕೆಲಸವನ್ನು ವಿವರಣೆಯ ಹೆಸರಿನಲ್ಲಿ ಓದುಗರ ಮೇಲೆ ಹೊರಿಸಬಾರದು.

ಸಪ್ತಾಪುರದ ಓದುಗ (ಧಾರವಾಡ):

ನಾನು ಪ್ರೋಗ್ರಾಮರ್ ಅಲ್ಲ, ಕನ್ನಡ ಕಲಿಸುವವನು. ಸುತ್ತಲಿನವರು ಅರ್ಜಿ ತುಂಬಿಕೊಡಿ ಎಂದು ಬಂದಾಗ ಕುಳಿತು ತುಂಬಿಕೊಡುತ್ತೇನೆ. ಟೆಂಪ್ಲೇಟಿನಲ್ಲಿ ಜಾಗ ಹೇಗೆ ಮಾಡಬೇಕೆಂಬುದನ್ನು ನೀವೆಲ್ಲ ಹೇಳಿದಿರಿ. ಆ ಜಾಗದಲ್ಲಿ ಏನು ಬರೆಯಬೇಕೆಂಬುದನ್ನೂ ಸ್ವಲ್ಪ ಯೋಚಿಸೋಣ.

ಪ್ರಶ್ನೆ ಕೇಳಿದವರು ದಯವಿಟ್ಟು ತಮ್ಮ ಟಿಪ್ಪಣಿಗಳ ಕರಡನ್ನು ಇಲ್ಲಿ ಹಾಕುವಿರಾ?

ಮೋಟೆಬೆನ್ನೂರು ಹಾದಿ:

ಹಿಡನ್ ಫೀಲ್ಡ್ ಮುದ್ರಿಸಿದ ಕೂಡಲೇ ಅರ್ಜಿ ಸಲ್ಲಿಕೆಯಾಯಿತು. ಬೆಟಗೇರಿ ಮಗ್ಗದವರಿಗೆ ಮನಃಪೂರ್ವಕ ಕೃತಜ್ಞತೆಗಳು. ವಿಸ್ತೀರ್ಣವನ್ನು ಎರಡು ಕಾಲಂ ಮಾಡುವುದಕ್ಕೆ ಸಂಘದವರೂ ಒಪ್ಪಿದ್ದಾರೆ.

ಸರ್, ಕರಡು ಹೀಗಿದೆ. ಸರ್ವೆ ನಂಬರಿಗೆ: ‘ಅರ್ಜಿದಾರರು ತಮ್ಮ ಭೂಮಿಯ ಸರ್ವೇಕ್ಷಣಾ ಸಂಖ್ಯೆಯನ್ನು ಹಕ್ಕುದಾಖಲೆಯಲ್ಲಿ ನಮೂದಿಸಲ್ಪಟ್ಟಿರುವಂತೆಯೇ ತಪ್ಪಿಲ್ಲದೆ ನಮೂದಿಸತಕ್ಕದ್ದು.’ ವಿಸ್ತೀರ್ಣಕ್ಕೆ: ‘ಭೂಮಿಯ ಒಟ್ಟು ವಿಸ್ತೀರ್ಣವನ್ನು ನಮೂದಿಸಿ.’ ಬ್ಯಾಂಕಿಗೆ: ‘ಐಎಫ್‌ಎಸ್‌ಸಿ ಸಂಕೇತವನ್ನು ಸರಿಯಾಗಿ ನಮೂದಿಸಿ.’ ತಳಿಗೆ ವಿವರಣೆ ಬರೆದಿಲ್ಲ.

ಸಪ್ತಾಪುರದ ಓದುಗ:

ಮೊದಲನೆಯ ವಾಕ್ಯದಲ್ಲಿ ವ್ಯಾಕರಣ ಸರಿಯಾಗಿದೆ, ಆದರೆ ಕೈಯಲ್ಲಿ ಉತಾರ ಹಿಡಿದು ಕುಳಿತವರಿಗೆ ಅದರಿಂದ ಏನೂ ಸಿಗುವುದಿಲ್ಲ. ನಮ್ಮ ಕಡೆ ಆ ಕಾಗದಕ್ಕೆ ಉತಾರ ಎನ್ನುತ್ತಾರೆ. ಬೆಂಗಳೂರು, ಮೈಸೂರು ಕಡೆ ಪಹಣಿ ಎನ್ನುತ್ತಾರೆ. ಹಕ್ಕುದಾಖಲೆ ಎಂದು ಯಾರೂ ಅನ್ನುವುದಿಲ್ಲ. ‘ಉತಾರದ 1ನೆಯ ಕಾಲಮಿನಲ್ಲಿರುವ ಸಂಖ್ಯೆಯನ್ನು ಇಲ್ಲಿ ಬರೆಯಿರಿ. 2ನೆಯ ಕಾಲಮಿನ ಹಿಸ್ಸಾ ನಂಬರಿಗೆ ಮುಂದೆ ಬೇರೆ ಜಾಗವಿದೆ’ ಎಂದು ಬರೆದರೆ ಕಣ್ಣು ಸೀದಾ ಆ ಜಾಗಕ್ಕೆ ಹೋಗುತ್ತದೆ. ಎರಡನ್ನೂ ಓರೆಗೆರೆ ಹಾಕಿ ಒಂದೇ ಕಡೆ ಬರೆಯುವವರೇ ಹೆಚ್ಚು, ಆದ್ದರಿಂದ ಎರಡನೆಯ ವಾಕ್ಯವೂ ಬೇಕು.

ವಿಸ್ತೀರ್ಣದ ವಾಕ್ಯದಲ್ಲಿ ದೊಡ್ಡ ಸಂದೇಹ ಉಳಿದಿದೆ. ಒಟ್ಟು ವಿಸ್ತೀರ್ಣ ಎಂದರೆ ಯಾವುದು? 3ನೆಯ ಕಾಲಮಿನಲ್ಲಿ ಇಡೀ ಹಿಸ್ಸಾದ ವಿಸ್ತೀರ್ಣ ಇರುತ್ತದೆ, ಅದರಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ ಕೂಡ ಸೇರಿರಬಹುದು. 9ನೆಯ ಕಾಲಮಿನಲ್ಲಿ ಮಾಲೀಕರ ಹೆಸರುಗಳು, ಅವರವರ ಪಾಲಿನ ವಿಸ್ತೀರ್ಣ ಇರುತ್ತವೆ. ಅಣ್ಣತಮ್ಮಂದಿರ ಜಂಟಿ ಖಾತೆಯಾಗಿದ್ದರೆ ಈ ಎರಡರ ನಡುವೆ ಅಜಗಜಾಂತರ. ನಾಲ್ವರು ಅಣ್ಣತಮ್ಮಂದಿರೂ ಒಟ್ಟು ವಿಸ್ತೀರ್ಣವನ್ನೇ ಬರೆದರೆ ಒಂದೇ ಹೊಲ ನಿಮ್ಮ ಪಟ್ಟಿಯಲ್ಲಿ ನಾಲ್ಕು ಸಲ ಬರುತ್ತದೆ. ಸಂಘಕ್ಕೆ ಬೇಕಾದದ್ದು ಯಾವುದೆಂದು ಕೇಳಿ ತಿಳಿದು, ಆ ಕಾಲಂ ಸಂಖ್ಯೆಯನ್ನೇ ಬರೆಯಿರಿ.

ಬ್ಯಾಂಕಿನ ಟಿಪ್ಪಣಿಯಲ್ಲಿ ‘ಸರಿಯಾಗಿ’ ಎಂಬ ಮಾತನ್ನು ತೆಗೆದುಬಿಡಿ. ತಪ್ಪಾಗಿ ಬರೆಯಬೇಕೆಂದು ಯಾರೂ ಕುಳಿತಿರುವುದಿಲ್ಲ. ಎಲ್ಲಿ ತಪ್ಪುತ್ತದೆ ಎಂಬುದನ್ನು ಹೇಳಿ. ಆ ಕೋಡಿನಲ್ಲಿ 11 ಅಕ್ಷರಗಳಿರುತ್ತವೆ, ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಬರೆದು ಹಣ ಬಾರದೆ ಒದ್ದಾಡಿದವರನ್ನು ಕಂಡಿದ್ದೇನೆ. ‘ಪಾಸ್‌ಬುಕ್ಕಿನ ಮೊದಲ ಪುಟ ನೋಡಿ. 11 ಅಕ್ಷರಗಳಿರುತ್ತವೆ, ಐದನೆಯದು ಸೊನ್ನೆ’ ಎಂದಷ್ಟೇ ಬರೆದರೆ ಸಾಕು.

ತಳಿಗೆ ವಿವರಣೆ ಬೇಡವೆಂದು ನೀವು ಬಿಟ್ಟದ್ದು ಸರಿ. ಬ್ಯಾಡಗಿಯ ಬೆಳೆಗಾರರಿಗೆ ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ನಾವು ಹೇಳಿಕೊಡುವುದು ಉದ್ಧಟತನವಾದೀತು. ತಿಳಿದವರಿಗೆ ತಿಳಿದದ್ದನ್ನೇ ವಿವರಿಸಿದರೆ ಅವರು ಮುಂದಿನ ವಿವರಣೆಯನ್ನೂ ಓದದೆ ದಾಟಿಬಿಡುತ್ತಾರೆ.

ಉಣಕಲ್ ದಂಡೆ:

ಹೆಸರಿನ ಕಾಲಂಗಳಿಗೆ ಮಾತ್ರ ಒಂದು ವಿವರಣೆ ಬೇಕು ಎನ್ನಿಸುತ್ತದೆ. ನಮ್ಮ ಭಾಗದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುವುದು ರೂಢಿ. ಉತಾರದಲ್ಲಿ ಒಂದು ರೀತಿ, ಆಧಾರದಲ್ಲಿ ಇನ್ನೊಂದು ರೀತಿ, ಪಾಸ್‌ಬುಕ್ಕಿನಲ್ಲಿ ಮತ್ತೊಂದು ರೀತಿ ಇರುವುದುಂಟು. ಯಾವ ಕಾಗದದಲ್ಲಿರುವಂತೆ ಬರೆಯಬೇಕೆಂಬುದನ್ನು ಹೇಳದಿದ್ದರೆ ಆಮೇಲೆ ಹಣ ಹಾಕುವಾಗ ಹೆಸರು ತಾಳೆಯಾಗುವುದಿಲ್ಲ.

ಆವೃತ್ತಿ ಬದಲಿಸುವ ವಿಚಾರವಿದ್ದರೆ ಒಂದು ಎಚ್ಚರಿಕೆ. 4.2ಕ್ಕೆ ಬೆಂಬಲ ಏಪ್ರಿಲ್ 2026ರವರೆಗೆ ಎಂದು ಘೋಷಿಸಲಾಗಿತ್ತು. ದೀರ್ಘ ಬೆಂಬಲದ ಮುಂದಿನ ಆವೃತ್ತಿ 5.2. 5.0ರಿಂದೀಚೆಗೆ ಹೆಲ್ಪ್ ಟೆಕ್ಸ್ಟ್ ಇರುವ ಫೀಲ್ಡಿಗೆ ಏರಿಯಾ ಡಿಸ್ಕ್ರೈಬ್ಡ್ ಬೈ ಗುಣವನ್ನು ಜ್ಯಾಂಗೋ ತಾನೇ ಬರೆಯುತ್ತದೆ, ಮತ್ತು ಫೀಲ್ಡಿನ ಐಡಿಗೆ ‘ಹೆಲ್ಪ್‌ಟೆಕ್ಸ್ಟ್’ ಸೇರಿಸಿದ ಹೆಸರನ್ನು ಅದಕ್ಕೆ ಕೊಡುತ್ತದೆ. ನಿಮ್ಮದು ಕೈಯಿಂದ ಬರೆದ ಟೆಂಪ್ಲೇಟು. ಅಲ್ಲಿ ಹೆಲ್ಪ್ ಟೆಕ್ಸ್ಟಿನ ಡಿವ್‌ಗೆ ಅದೇ ಐಡಿ ಇಲ್ಲದಿದ್ದರೆ ಆ ಗುಣವು ಪುಟದಲ್ಲಿಯೇ ಇಲ್ಲದ ವಸ್ತುವಿನತ್ತ ಬೆರಳು ತೋರಿಸಿದಂತಾಗುತ್ತದೆ. ನೀವೇ ಆ ಗುಣವನ್ನು ವಿಜೆಟ್‌ನಲ್ಲಿ ಬರೆದಿದ್ದರೆ ಜ್ಯಾಂಗೋ ತನ್ನದನ್ನು ಸೇರಿಸುವುದಿಲ್ಲ. ವಿವರಣೆ ಮತ್ತು ಹೆಲ್ಪ್ ಟೆಕ್ಸ್ಟ್ ಎರಡೂ ಓದಿಸಬೇಕಿದ್ದರೆ ಎರಡು ಐಡಿಗಳನ್ನು ನಡುವೆ ಜಾಗ ಬಿಟ್ಟು ಬರೆಯಬೇಕು.

ಮೋಟೆಬೆನ್ನೂರು ಹಾದಿ:

ಎಲ್ಲವನ್ನೂ ಅಳವಡಿಸಿದ್ದೇನೆ. ಅರ್ಜಿಯನ್ನು ವ್ಯಕ್ತಿ, ಹೊಲ, ಬೆಳೆ, ಬ್ಯಾಂಕು ಎಂದು ನಾಲ್ಕು ಫೀಲ್ಡ್‌ಸೆಟ್‌ಗಳಾಗಿ ಒಡೆದಿದ್ದೇನೆ. ವಿವರಣೆಗಳು ಒಂದು ಫೋಲ್ಡರಿನಲ್ಲಿ ಐದು ಪುಟ್ಟ ಕಡತಗಳಾಗಿವೆ. ಸಂಘದ ಕಾರ್ಯದರ್ಶಿಯವರು ಅವುಗಳನ್ನು ಓದಿ ಎರಡು ಕಡೆ ಮಾತು ತಿದ್ದಿಕೊಟ್ಟರು. ಸಂಘಕ್ಕೆ ಬೇಕಾದದ್ದು 9ನೆಯ ಕಾಲಮಿನ ಪಾಲು ಎಂಬುದು ಕೇಳಿದ ಮೇಲೆಯೇ ಗೊತ್ತಾಯಿತು. ಹಳೆಯ ಅರ್ಜಿಗಳನ್ನು ಉತಾರದೊಂದಿಗೆ ತಾಳೆ ನೋಡುವ ಕೆಲಸ ಸೋಮವಾರದಿಂದ ಶುರುವಾಗುತ್ತದೆ. ನಾನೂ ಜೊತೆಗೆ ಕೂರುತ್ತೇನೆ.

ಸಾಧನಕೇರಿ ಮೇಡಂ ಅವರಿಗೆ ಪರೀಕ್ಷಾ ಪುಟದ ಕೊಂಡಿಯನ್ನು ಪ್ರತ್ಯೇಕವಾಗಿ ಕಳಿಸಿದ್ದೇನೆ. ಬಿಡುವಾದಾಗ ಒಮ್ಮೆ ಕೇಳಿ ನೋಡಬೇಕೆಂದು ವಿನಂತಿ.

ಸಾಧನಕೇರಿ:

ಟ್ಯಾಬ್ ಒತ್ತುತ್ತ ಮೊದಲಿನಿಂದ ಕೊನೆಯವರೆಗೆ ತುಂಬಿದೆ, ಯಾರ ಸಹಾಯವೂ ಬೇಕಾಗಲಿಲ್ಲ. ಗುಂಟೆಯ ಕಾಲಂಗೆ ಬಂದಾಗ ‘0ಯಿಂದ 39ರೊಳಗೆ ಬರೆಯಿರಿ’ ಎಂದು ಕನ್ನಡದ ಧ್ವನಿಯಲ್ಲಿಯೇ ಕೇಳಿತು. ಬೇಕೆಂದೇ 45 ಎಂದು ಬರೆದು ಸಲ್ಲಿಸಿದೆ. ಪುಟ ಮರಳಿ ಬಂದಾಗ ತಪ್ಪಿನ ಸೂಚನೆ ಕಾಲಂ ಮೇಲೆ ಬಂದಿರಬೇಕು, ಆದರೆ ಟ್ಯಾಬ್ ಒತ್ತಿದಾಗ ಕೇಳಲಿಲ್ಲ. ತಪ್ಪುಗಳ ಪಟ್ಟಿಗೂ ಐಡಿ ಕೊಟ್ಟು, ಅದನ್ನೂ ಅದೇ ಗುಣದಲ್ಲಿ ಜೋಡಿಸಿ. ಉತಾರದ ಚಿತ್ರಕ್ಕೆ ‘ಚಿತ್ರ 1’ ಎಂಬ ಪರ್ಯಾಯ ಪಠ್ಯವಿದೆ. ಅದರಿಂದ ನನಗೆ ಏನೂ ತಿಳಿಯಲಿಲ್ಲ.

ಮೋಟೆಬೆನ್ನೂರು ಹಾದಿ:

ಎರಡನ್ನೂ ಈಗ ತಾನೇ ಸರಿಪಡಿಸಿದೆ ಮೇಡಂ. ತಪ್ಪಿನ ಸೂಚನೆ ಈಗ ವಿವರಣೆಗಿಂತ ಮೊದಲು ಓದಿಸಿಕೊಳ್ಳುತ್ತದೆ. ಚಿತ್ರದ ಪರ್ಯಾಯ ಪಠ್ಯವನ್ನು ‘ಉತಾರದ ಮೇಲ್ಭಾಗ: ಎಡತುದಿಯಲ್ಲಿ 1ನೆಯ ಕಾಲಂ ಸರ್ವೆ ನಂಬರ್, ಅದರ ಪಕ್ಕ 2ನೆಯ ಕಾಲಂ ಹಿಸ್ಸಾ ನಂಬರ್’ ಎಂದು ಬದಲಿಸಿದ್ದೇನೆ.